ಒಣಗಿಸಿ ಅಳೆದ ಕಲ್ಲು

ಈ ಕಥೆಯನ್ನು ಮೊದಲು ಹೇಳಿದವರು ವಿಜಯವಾಡದ ಕೋಟೇಶ್ವರಮ್ಮನವರು. ಹೇಳಿದ್ದು ಹೋದ ವರ್ಷದ ಕಾರ್ತಿಕದಲ್ಲಿ, ಒಂದು ಭಾನುವಾರ, ಕೃಷ್ಣೆಯ ದಡದಲ್ಲಿರುವ ಅವರ ತವರೂರು ಗರಿಕಲಂಕದ ನೆಲ್ಲಿಮರದ ಕೆಳಗೆ. ವನಭೋಜನಕ್ಕೆ ಎಲೆ ಹಾಕಿತ್ತು, ಪುಳಿಹೊರ ಬಡಿಸಿ ಆಗಿತ್ತು. ಊಟದ ನಡುವೆ ಯಾರಾದರೂ ಕಥೆ ಹೇಳುವುದು ಅಲ್ಲಿನ ವಾಡಿಕೆ. ಆ ಸಲ ಅವರು ಪುರಾಣ ಹೇಳಲಿಲ್ಲ. ಮಗಳ ಕಾಗದಗಳನ್ನು ಹೇಳಿದರು. ಕಾಗದಗಳು ಕೈಯಲ್ಲಿರಲಿಲ್ಲ, ಬಾಯಲ್ಲೇ ಇದ್ದವು.

ಅವರ ಗಂಡ ಗುರುದತ್ತರು ಶಿರಾ ಕಡೆಯವರು. ಬ್ಯಾಂಕಿನಲ್ಲಿ ವರ್ಗವಾಗಿ ವಿಜಯವಾಡಕ್ಕೆ ಬಂದು, ಈ ಊರಿನ ಹುಡುಗಿಯನ್ನು ಮದುವೆಯಾಗಿ, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದವರು. ಒಬ್ಬಳೇ ಮಗಳು ಶ್ರೀರಕ್ಷಾ. ವಿಶಾಖಪಟ್ಟಣದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನೆಲದಾಳದಿಂದ ತೆಗೆದ ಕಲ್ಲನ್ನು ಪರೀಕ್ಷಿಸುವ ಕೆಲಸ. ಗುರುದತ್ತರಿಗೆ ಗ್ಲಾಕೋಮಾದಿಂದ ಅಕ್ಷರ ಕಾಣುವುದಿಲ್ಲ. ಮಗಳ ಕಾಗದ ಓದಿ ಹೇಳುವುದೂ ಅವರು ಹೇಳಿದ್ದನ್ನು ಬರೆಯುವುದೂ ಕೋಟೇಶ್ವರಮ್ಮನವರೇ. ಮಗಳಿಗೆ ಕನ್ನಡ ತಿದ್ದಿಸುವಾಗ ತಾವೂ ಕಲಿತುಕೊಂಡ ಅಕ್ಷರ ಅದು.

ಅಂದು ಗುರುದತ್ತರೂ ಸಾಲಿನ ಕೊನೆಯ ಎಲೆಯ ಮುಂದೆ ಕೂತಿದ್ದರು. ಹೆಂಡತಿ ಬಾಯಿ ತೆರೆದಾಗ ಅವರು ತಡೆಯಲಿಲ್ಲ. ಕೋಟೇಶ್ವರಮ್ಮ ತೆಲುಗಿನಲ್ಲಿ ಹೇಳಿದ್ದು ಮೂಲದ ಕನ್ನಡ ಕಾಗದಗಳಲ್ಲಿ ಹೀಗಿತ್ತು.

*

ಎಂವಿಪಿ ಕಾಲೋನಿ, ವಿಶಾಖಪಟ್ಟಣ
ಜೂನ್ 8

ತೀರ್ಥರೂಪು ಅಪ್ಪನವರಿಗೆ ಶ್ರೀರಕ್ಷಾ ಮಾಡುವ ನಮಸ್ಕಾರಗಳು.

ನೀವು ಫೋನ್ ಮಾಡುತ್ತಿದ್ದೀರಿ, ನಾನು ಎತ್ತುತ್ತಿಲ್ಲ. ಇನ್ನು ಮೇಲೂ ಎತ್ತುವುದಿಲ್ಲ. ಹೇಳುವುದಿದ್ದರೆ ಕಾಗದ ಬರೆಯೋಣ. ಕಾಗದವನ್ನು ಸ್ಪೀಕರಿಗೆ ಹಾಕಲು ಬರುವುದಿಲ್ಲ.

ಈಶ್ವರಯ್ಯ ಮಾವನ ಮನೆಯಲ್ಲಿ ಆವಕಾಯಿ ಹಾಕುವ ದಿನ ನೀವು ಫೋನ್ ಮಾಡಿ, "ಪುಟ್ಟೀ, ನಮ್ಮ ಗರಿಕಲಂಕದ ಕಲ್ಲಿನಲ್ಲಿ ಗ್ಯಾಸ್ ಎಷ್ಟಿದೆಯಮ್ಮಾ?" ಎಂದು ಕೇಳಿದಿರಿ. ಅಪ್ಪ ಕೇಳುತ್ತಿದ್ದಾರೆ ಅಂದುಕೊಂಡು ಹೇಳಿದೆ. ಅಲ್ಲಿ ಗ್ಯಾಸಿಗಾಗಿ ಕೊರೆಯಲು ಹೊರಟ ಕಂಪನಿಯವರು ಕರಪತ್ರದಲ್ಲಿ ಹಾಕಿಬಿಟ್ಟಿದ್ದ ಅಂಕಿಯೇ ತಾನೆ. "ಟನ್ನಿಗೆ ನಾಲ್ಕು ಘನ ಮೀಟರ್, ಆದರೆ" ಎನ್ನುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಮಾವಿನಕಾಯಿ ಹೆಚ್ಚುತ್ತಿದ್ದ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ನೀವು ಲೈನ್ ಕಟ್ ಮಾಡಿದಿರಿ. "ಆದರೆ" ನನ್ನ ಬಾಯಲ್ಲೇ ಉಳಿಯಿತು. ಅವತ್ತಿನಿಂದ ಬಾಯೆಲ್ಲ ಒಂಥರಾ ಹೇಸಿಗೆ, ಹಳಸಿದ್ದು ತಿಂದ ಹಾಗೆ.

ಉಳಿದರ್ಧ ಇಲ್ಲಿದೆ. ಆ ನಾಲ್ಕು ಎನ್ನುವುದು ಒಣಗಿಸಿದ ಕಲ್ಲಿನ ಲೆಕ್ಕ. ಆಳದಿಂದ ಬಂದ ಕಪ್ಪು ಶೇಲ್ ಕಲ್ಲನ್ನು ಪುಡಿ ಮಾಡಿ, ಓವನ್ನಿನಲ್ಲಿ ಇಟ್ಟು, ತೇವವನ್ನೆಲ್ಲ ಹೊರಡಿಸಿ, ಆಮೇಲೆ ಅದಕ್ಕೆ ಗ್ಯಾಸ್ ಕುಡಿಸಿ ಎಷ್ಟು ಹಿಡಿಯಿತು ಎಂದು ನೋಡುತ್ತೇವೆ. ಒಂದು ಕಲ್ಲನ್ನೂ ಇನ್ನೊಂದು ಕಲ್ಲನ್ನೂ ಹೋಲಿಸಲು ಅದು ಸರಿಯಾದ ಕ್ರಮ. ನೆಲದೊಳಗೆ ಎಷ್ಟಿದೆ ಎಂದು ಹೇಳಲು ಅಲ್ಲ. ನೆಲದೊಳಗಿನ ಕಲ್ಲು ಓವನ್ನಿನಲ್ಲಿ ಕೂತಿಲ್ಲ.

ಇದನ್ನು ಮಾವನಿಗೂ ಊರಿಗೂ ಹೇಳಿ. ನನ್ನ ಬಾಯಿಂದ ಅರ್ಧ ಕೇಳಿಸಿದವರು ನೀವು, ಉಳಿದರ್ಧವನ್ನೂ ನೀವೇ ಕೇಳಿಸಬೇಕು.

ಇಂತಿ ನಿಮ್ಮ ಮಗಳು,
ಶ್ರೀರಕ್ಷಾ

*

ವಿಜಯವಾಡ
ಜೂನ್ 21

ಚಿರಂಜೀವಿ ಶ್ರೀರಕ್ಷಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಕೇಳಿಸಿಕೊಂಡೆ. ಇಷ್ಟಕ್ಕೆ ಇಷ್ಟು ಕೋಪವೇ? ನೀನು ಚಿಕ್ಕವಳಿದ್ದಾಗ ಹೋಳಿಗೆ ಹರಿದರೆ ಹೀಗೇ ಊಟ ಬಿಟ್ಟು ಏಳುತ್ತಿದ್ದೆ.

ನಾಲ್ಕು ಎಂದು ನೀನೇ ಅಳೆದಿದ್ದೀಯ, ನಿಮ್ಮ ಲ್ಯಾಬಿನ ಮುಖ್ಯಸ್ಥರು ಯಶ್ವಂತ್ ಸಾರ್ ಸಹಿ ಹಾಕಿದ್ದಾರೆ. ಒಣಗಿಸಿ ಅಳೆದರೇನು, ನೆನೆಸಿ ಅಳೆದರೇನು, ಕಲ್ಲು ಅದೇ ಕಲ್ಲು. ಹಳ್ಳಿಯವರಿಗೆ ಇಷ್ಟೆಲ್ಲ ಬಿಡಿಸಿ ಹೇಳಿದರೆ ಅವರು ಎದ್ದು ಎಮ್ಮೆ ಕಟ್ಟಲು ಹೋಗುತ್ತಾರೆ.

ಕಂಪನಿಯವರು ನನ್ನನ್ನು ಗೌರವ ಸಲಹೆಗಾರ ಎಂದು ಕರೆದಿದ್ದಾರೆ. ಊರಿನವರನ್ನು ಒಪ್ಪಿಸಿ ಕೊಡಿ, ಸಾಕು ಅಂದಿದ್ದಾರೆ. ಒಪ್ಪಿದರೆ ಹೊಳೆಗೆ ಸೇತುವೆ ಬರುತ್ತದೆ, ನಿನ್ನಮ್ಮನ ಊರಿಗೆ ಬಸ್ಸು ಬರುತ್ತದೆ. ಅದು ನಿನಗೆ ಬೇಡವೇ?

ಇನ್ನೊಂದು ಮಾತು. ಮದುವೆಯಾಗಿ ಬಂದಾಗಿನಿಂದ ನಾನು ಆ ಊರಿಗೆ "ಕನ್ನಡದ ಅಲ್ಲುಡು", ಕನ್ನಡದ ಅಳಿಯ. ನಾನು ತೆಲುಗು ಮಾತಾಡಿದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಈಗ ಅದೇ ಊರು ನನ್ನ ಕೈಗೆ ಮೈಕ್ ಕೊಡುತ್ತಿದೆ.

ಇಂತಿ ಆಶೀರ್ವಾದಗಳು,
ಅಪ್ಪ

ಕೆಳಗೆ ಇಷ್ಟು ನನ್ನದು, ಅವರು ಹೇಳಿ ಬರೆಸಿದ್ದಲ್ಲ. ಮಜ್ಜಿಗೆ ಮೆಣಸಿನಕಾಯಿ ಹಾಕುತ್ತಿದ್ದೇನೆ. ಬಿಸಿಲಿಗೆ ಚೆನ್ನಾಗಿ ಒಣಗಿದ ಕಾಯಿ ಮಜ್ಜಿಗೆಗೆ ಬಿದ್ದ ಕೂಡಲೇ ಗಟಗಟ ಕುಡಿಯುತ್ತದೆ. ಹಸಿ ಉಳಿದದ್ದು ಕುಡಿಯುವುದೇ ಇಲ್ಲ, ಅದರ ಹೊಟ್ಟೆ ಮೊದಲೇ ತುಂಬಿರುತ್ತದೆ. ನಿನ್ನ ಕಲ್ಲೂ ಹೀಗೇನಾ? ಅಮ್ಮ.

*

ಎಂವಿಪಿ ಕಾಲೋನಿ, ವಿಶಾಖಪಟ್ಟಣ
ಜುಲೈ 17

ಅಪ್ಪನಿಗೆ ನಮಸ್ಕಾರಗಳು.

ಅಮ್ಮನಿಗೆ ಮೊದಲು ಉತ್ತರ. ಹೌದಮ್ಮಾ, ಹೀಗೇ.

ಅಪ್ಪಾ, "ಕಲ್ಲು ಅದೇ ಕಲ್ಲು" ಅಂದಿರಲ್ಲ, ಅದಕ್ಕೇ ಇನ್ನೊಮ್ಮೆ ಅಳೆದೆ. ಮೇಣ ಮೆತ್ತಿ ತೇವ ಹಾಗೇ ಉಳಿಸಿ ಇಟ್ಟಿದ್ದ ತುಂಡೊಂದಿತ್ತು. ಅದನ್ನು ಒಣಗಿಸದೆ ಪರೀಕ್ಷೆ ಮಾಡಿದೆ. ನಾಲ್ಕು ಇದ್ದದ್ದು ಒಂದೂವರೆಗೆ ಇಳಿಯಿತು. ಆಳದಲ್ಲಿ ಇರುವಷ್ಟೇ ಬಿಸಿ ಮಾಡಿ ನೋಡಿದೆ. ಒಂದಕ್ಕಿಂತಲೂ ಕೆಳಗೆ ಹೋಯಿತು.

ಏಕೆ ಎಂದು ಕೇಳುತ್ತೀರಿ. ದಿನಾ ಗಾಜುವಾಕಕ್ಕೆ ಹೋಗುವ ನನ್ನ ಬಸ್ಸನ್ನು ನೆನೆಸಿಕೊಳ್ಳಿ. ಕಲ್ಲು ಆ ಬಸ್ಸು, ಗ್ಯಾಸ್ ಜನ. ಕೆಲವರು ಸೀಟಿನಲ್ಲಿ ಅಂಟಿಕೊಂಡು ಕೂತಿರುತ್ತಾರೆ, ಕೆಲವರು ನಡುವೆ ನಿಂತಿರುತ್ತಾರೆ. ಕಲ್ಲಿನಲ್ಲೂ ಗ್ಯಾಸ್ ಇರುವುದು ಹೀಗೆ ಎರಡು ಬಗೆ, ಗೋಡೆಗೆ ಅಂಟಿದ್ದು ಮತ್ತು ಸಂದಿಯಲ್ಲಿ ಬಿಡಿಯಾಗಿ ಇರುವುದು. ನಾವು ಅಳೆದದ್ದು ಅಂಟಿದ್ದನ್ನು. ಸೀಟುಗಳು ಯಾವುವು? ಯಾವುದೋ ಕಾಲದಲ್ಲಿ ಕೆಸರಿನ ಜೊತೆ ಹೂತುಹೋದ ಪಾಚಿ, ಎಲೆ, ಹುಳ ಎಲ್ಲ ಬೆಂದು ಕಪ್ಪಾದ ಭಾಗ. ಅದು ಹೆಚ್ಚಿದ್ದಷ್ಟೂ, ಹದವಾಗಿ ಬೆಂದಷ್ಟೂ, ಒಳಗೆ ಸೂಕ್ಷ್ಮವಾದ ಸಂದಿ ಹೆಚ್ಚು, ಸೀಟು ಹೆಚ್ಚು. ಕಲ್ಲಿನೊಳಗಿನ ಜೇಡಿಮಣ್ಣಿನಲ್ಲೂ ಸೀಟುಗಳಿವೆ, ಆದರೆ ಅಲ್ಲಿ ನೀರು ಮೊದಲೇ ಹತ್ತಿ ಕೂತಿದೆ, ಏಳುವುದಿಲ್ಲ. ಒತ್ತಡ ಎಂದರೆ ಹಿಂದಿನಿಂದ ತಳ್ಳುವ ಕಂಡಕ್ಟರ್. ಅವನು ತಳ್ಳಿದಷ್ಟೂ ಜನ ಹತ್ತುತ್ತಾರೆ, ಸೀಟು ತುಂಬಿದ ಮೇಲೆ ಎಷ್ಟು ತಳ್ಳಿದರೂ ಯಾರಿಗೂ ಕೂರಲಾಗುವುದಿಲ್ಲ. ಇನ್ನು ಶಾಖ. ಮೇ ತಿಂಗಳಲ್ಲಿ ಆ ರೆಕ್ಸಿನ್ ಸೀಟಿನ ಮೇಲೆ ಕೂತು ನೋಡಿ. ಕೂತವರೂ ಎದ್ದು ನಿಲ್ಲುತ್ತಾರೆ.

ಒಣಗಿಸುವುದು ಎಂದರೆ ನೀರನ್ನೆಲ್ಲ ಬಸ್ಸಿನಿಂದ ಇಳಿಸಿ, ಖಾಲಿ ಬಸ್ಸು ತೋರಿಸಿ, ನೋಡಿ ಎಷ್ಟು ಸೀಟು ಎನ್ನುವುದು.

ಹೊಸ ಅಂಕಿಗಳನ್ನು ಯಶ್ವಂತ್ ಸಾರ್ ಮುಂದೆ ಇಟ್ಟೆ. ಅವರು ಮೇಜಿನ ಮೇಲೆ ಬಿರಿಯಾನಿ ತಿನ್ನುತ್ತಿದ್ದರು. ಪಕ್ಕದಲ್ಲೇ ಕಲ್ಲಿನ ಪುಡಿಯ ತಟ್ಟೆ. ನಮ್ಮ ಕಲ್ಲಿಗೆ ಸೀಮೆಎಣ್ಣೆಯಂಥ ಒಂದು ವಾಸನೆ. ಆ ವಾಸನೆಯಲ್ಲಿ ಮೂಳೆ ಚೀಪುತ್ತಾ ನೋಡಿದರು. ಬೆರಳು ನೆಕ್ಕಿಕೊಂಡು ಅದೇ ಬೆರಳಿನಿಂದ ಮೂರು ಅಂಕಿಗಳಲ್ಲಿ ಎರಡನ್ನು ಮುಚ್ಚಿದರು. "ಚೂಡಮ್ಮಾ ರಕ್ಷಾ, ಗ್ರಾಫ್‌ನಲ್ಲಿ ಒಂದು ಗೆರೆ ಸಾಕು. ಮೂರು ಗೆರೆ ಹಾಕಿದರೆ ಕ್ಲೈಂಟ್‌ಗೆ ಕನ್‌ಫ್ಯೂಸ್ ಆಗುತ್ತೆ" ಅಂದರು. "ಒಣಗಿಸಿದ್ದು ಅಂತಲಾದರೂ ಬರೆಯೋಣ ಸಾರ್" ಅಂದೆ. "ಎಲ್ಲಾ ಲ್ಯಾಬ್‌ನಲ್ಲೂ ಒಣಗಿಸ್ತಾರೆ. ಅನ್ನ ಬೇಯಿಸಿದ್ದು ಅಂತ ಹೋಟೆಲ್‌ನಲ್ಲಿ ಬರೀತಾರಾ?" ಅಂದು ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಾಗದದ ಮೇಲೆ ಎಣ್ಣೆಯ ಬೆರಳಚ್ಚು ಹಾಗೇ ಉಳಿಯಿತು. ನನಗೆ ಅದನ್ನು ಮುಟ್ಟಲೂ ಅಸಹ್ಯವಾಯಿತು.

ಈ ಕಾಗದವನ್ನು ಮಾವನಿಗೆ ಓದಿ ಹೇಳಿ.

ಶ್ರೀರಕ್ಷಾ

*

ವಿಜಯವಾಡ
ಆಗಸ್ಟ್ 19

ಶ್ರೀರಕ್ಷಾಳಿಗೆ ಆಶೀರ್ವಾದ.

ಬಸ್ಸಿನ ಉಪಮಾನ ಚೆನ್ನಾಗಿದೆ. ಆದರೆ ನಾನು ಮಾತು ಕೊಟ್ಟಾಗಿದೆ. ಶ್ರಾವಣಕ್ಕೆ ಕರೆದು, ಮಂಗಳಗಿರಿ ಪಂಚೆ ಹೊದಿಸಿ, "ಅಲ್ಲುಡುಗಾರು ಹೇಳಿದ ಮೇಲೆ ಇನ್ನೇನು" ಎಂದು ಊರೆಲ್ಲ ತಲೆಯಾಡಿಸಿದೆ. ಅಳಿಯನ ಮಾತನ್ನು ಆ ಊರು ತೆಗೆದುಹಾಕುವುದಿಲ್ಲ. ಈಗ ನಾನೇ ಹೋಗಿ ನಾಲ್ಕು ಎಂದದ್ದು ಒಂದೂ ಅಲ್ಲ ಎಂದರೆ ಮತ್ತೆ ಸೆರಗು ಬಾಯಿಗೆ ಹೋಗುತ್ತದೆ.

ಕಾರ್ತಿಕದಲ್ಲಿ ಒಪ್ಪಿಗೆಯ ಸಭೆ. ಅಲ್ಲಿಯವರೆಗೆ ನೀನು ಸುಮ್ಮನಿರು.

ಅಪ್ಪ

ರಕ್ಷಾ, ನೀನು ಇನ್ಯಾರಿಂದಲೋ ಕೇಳುವ ಮೊದಲು ನಾನೇ ಹೇಳುತ್ತೇನೆ. ಊರ ಬಾಗಿಲಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ. ಪದವಿ ತೆಗೆದುಕೊಂಡ ದಿನದ ನಿನ್ನ ಫೋಟೋ. ಕೆಳಗೆ "ಮನ ಅಮ್ಮಾಯಿ ಚೆಪ್ಪಿಂದಿ" ಎಂದು ದಪ್ಪಕ್ಷರದಲ್ಲಿ, ನಮ್ಮ ಹುಡುಗಿಯೇ ಹೇಳಿದ್ದಾಳೆ ಅಂತ. ಪಕ್ಕದಲ್ಲಿ ಆ ನಾಲ್ಕು. ಫೋಟೋ ಕೊಟ್ಟವರು ಯಾರು ಎಂದು ನಾನು ಬರೆಯುವುದಿಲ್ಲ. ನಿನ್ನ ಕಾಗದವನ್ನು ಅವರು ನನ್ನಿಂದ ಎರಡು ಸಲ ಓದಿಸಿಕೊಂಡರು. ಅಮ್ಮ.

*

ಎಂವಿಪಿ ಕಾಲೋನಿ, ವಿಶಾಖಪಟ್ಟಣ
ಸೆಪ್ಟೆಂಬರ್ 11

ಅಪ್ಪಾ,

ಆ ಫ್ಲೆಕ್ಸ್ ನೋಡಿದೆ. ಮಾವನ ಮಗಳು ಲಕ್ಷ್ಮೀಪ್ರಸನ್ನ ಹೆಮ್ಮೆಯಿಂದ ಕಳಿಸಿದ್ದಳು. ಬಸ್ಸಿನಲ್ಲಿ ನೋಡಿದೆ. ಇಳಿದು ರಸ್ತೆಯ ಪಕ್ಕ ವಾಂತಿ ಮಾಡಿಕೊಂಡೆ. ಮಜ್ಜಿಗೆ ಮಾರುವವಳೊಬ್ಬಳು ನೀರು ಕೊಟ್ಟು, "ವಿಶೇಷನಾ ಅಮ್ಮಾ?" ಎಂದು ಕೇಳಿದಳು. ಹೌದು, ವಿಶೇಷವೇ ಎಂದೆ.

ಸಂದಿಗೊಂದಿಯಲ್ಲಿ ಗ್ಯಾಸ್ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಎಷ್ಟಿದೆ ಎಂದು ಸರಿಯಾಗಿ ಅಳೆದು, ಹೇಳಿ, ಆಮೇಲೆ ಊರನ್ನು ಕೇಳಲಿ. ಊರು ಬೇಕು ಅಂದರೆ ಕೊರೆಯಲಿ. ನನ್ನ ತಕರಾರು ಅದಲ್ಲ.

ಇದೇ ಕಂಪನಿ ಈ ಹಿಂದೆ ಕೊರೆದು ಬಿಟ್ಟ ಜಾಗಕ್ಕೆ ಹೋದ ತಿಂಗಳು ಕಲ್ಲು ತರಲು ಹೋಗಿದ್ದೆ. ಅಲ್ಲೂ ಯಾರೋ ಖಾಲಿ ಬಸ್ಸು ತೋರಿಸಿದ್ದರು. ಅಂದುಕೊಂಡಷ್ಟು ಬರಲಿಲ್ಲ ಎಂದು ಯಂತ್ರ ಎತ್ತಿಕೊಂಡು ಹೋಗಿದ್ದಾರೆ. ಗದ್ದೆಯ ನಡುವೆ ಹೊಂಡ ಉಳಿದಿದೆ. ಅದರ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪೊರೆ. ಅಂಚಿನಲ್ಲಿ ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ಉಬ್ಬಿಕೊಂಡು ಬಿದ್ದಿದ್ದವು. ಆ ನಾತ ನನ್ನ ಕೂದಲಿನಿಂದ ಹೋಗಲಿಲ್ಲ. ಗದ್ದೆಯ ಯಜಮಾನ ಮೂಗಿಗೆ ಟವೆಲ್ ಕಟ್ಟಿಕೊಂಡು ನಮ್ಮ ಜೀಪಿನ ಹತ್ತಿರ ಬಂದು, "ಮತ್ತೆ ಅಳೆಯೋಕೆ ಬಂದ್ರಾ?" ಎಂದು ಕೇಳಿದ. ಯಶ್ವಂತ್ ಸಾರ್ ಗಾಜು ಏರಿಸಿಕೊಂಡರು.

ಆ ಹೊಂಡವನ್ನು ನೀವು ಈಶ್ವರಯ್ಯ ಮಾವನ ಗದ್ದೆಯಲ್ಲಿ ತೋಡಿಸುತ್ತಿದ್ದೀರಿ. ನನ್ನ ಮುಖ ಅಂಟಿಸಿ ತೋಡಿಸುತ್ತಿದ್ದೀರಿ. ಒಂದು ಪಂಚೆಗೆ, ಒಂದು ಮೈಕಿಗೆ.

ಯಶ್ವಂತ್ ಸಾರ್‌ಗೆ ನನ್ನ ಹೆಸರು ತೆಗೆಯಿರಿ ಎಂದು ಹೇಳಿಬಿಟ್ಟೆ. "ಹೆಸರು ತೆಗೆದರೆ ನಿನ್ನನ್ನೂ ತೆಗೀಬೇಕಾಗುತ್ತಮ್ಮಾ" ಅಂದರು. ತೆಗೆದಿದ್ದಾರೆ. ಬೇರೆ ಕಡೆ ನೋಡುತ್ತಿದ್ದೇನೆ, ಚಿಂತೆ ಬೇಡ. ಅವರ ಮೇಲೆ ನನಗೆ ಅಷ್ಟು ಅಸಹ್ಯವಿಲ್ಲ. ಅವರು ನನ್ನ ಅಪ್ಪ ಅಲ್ಲ.

ದಸರಾಕ್ಕೆ ಬರುವುದಿಲ್ಲ.

ಶ್ರೀರಕ್ಷಾ

*

ವಿಜಯವಾಡ
ಅಕ್ಟೋಬರ್ 24

ರಕ್ಷಾ ತಲ್ಲಿ,

ಈ ಸಲ ಬರೆಯುತ್ತಿರುವವಳು ನಾನೊಬ್ಬಳೇ. ಅಪ್ಪ ಏನೂ ಹೇಳಿ ಬರೆಸಿಲ್ಲ. ನಿನ್ನ ಕಾಗದ ಓದುವಾಗ ಕಪ್ಪೆಗಳನ್ನು ಬಿಟ್ಟು ಓದೋಣ ಅನಿಸಿತು. ಬಿಡಲಿಲ್ಲ, ಪೂರ್ತಿ ಓದಿದೆ. "ಅವರು ನನ್ನ ಅಪ್ಪ ಅಲ್ಲ" ಅನ್ನುವಲ್ಲಿಗೆ ಬಂದು ಕಾಗದ ಕೆಳಗಿಟ್ಟೆ. ಅವರು "ಓದು" ಅಂದರು. ಓದಿದೆ. ಎದ್ದು ಹೋಗಿ ಬಾಲ್ಕನಿಯಲ್ಲಿ ಕೂತರು. ಕಾಫಿ ತಣ್ಣಗಾಯಿತು.

ಮಾರನೆಯ ದಿನ ಕಂಪನಿಯ ಕಾರು ಬಂತು. ಹತ್ತಿ ಹೋದರು. ಅದಕ್ಕೆ ನಾನು ಏನು ಹೇಳಲಿ? ಹೊದ್ದುಕೊಂಡ ಪಂಚೆಯನ್ನು ತೆಗೆಯುವುದು ಹೊದಿಸುವಷ್ಟು ಸುಲಭವಲ್ಲ ಎಂದು ಕಾಣುತ್ತದೆ. ಅವರ ಮೇಲೆ ನನಗೂ ಹೇಸಿಗೆಯಾಗುತ್ತದೆ. ಆದರೂ ದಿನಾ ಅವರ ಕಣ್ಣಿಗೆ ಔಷಧಿ ಹಾಕುವವಳು ನಾನೇ.

ಸಭೆ ಸೋಮವಾರ ಎಂದು ಗೊತ್ತಾಗಿದೆ. ಹಿಂದಿನ ದಿನ ಭಾನುವಾರ ಊರಿನ ವನಭೋಜನ. ಅಲ್ಲಿ ಕಥೆ ಹೇಳಲು ನನ್ನನ್ನು ಕೇಳಿದ್ದಾರೆ. ನಿನ್ನ ಬಸ್ಸು, ನನ್ನ ಮೆಣಸಿನಕಾಯಿ, ಕಪ್ಪೆ, ಎಲ್ಲ ಹೇಳಬಲ್ಲೆ. ಆದರೆ ಕೋಟು ಹಾಕಿದವರ ಮುಂದೆ ನಮ್ಮವರು ಬಸ್ಸು, ಮೆಣಸಿನಕಾಯಿ ಅಂದರೆ ಅವರು ನಗುತ್ತಾರೆ. ಅವರು ನಕ್ಕು ತಪ್ಪಿಸಿಕೊಳ್ಳಲಾಗದ ಒಂದು ಪ್ರಶ್ನೆ ಕೊಡು.

ನಿನ್ನ ಅಮ್ಮ

*

ಎಂವಿಪಿ ಕಾಲೋನಿ, ವಿಶಾಖಪಟ್ಟಣ
ಅಕ್ಟೋಬರ್ 30

ಅಮ್ಮಾ,

ಪ್ರಶ್ನೆ ಇದು: "ಈ ನಾಲ್ಕನ್ನು ಕಲ್ಲು ಒಣಗಿಸಿ ಅಳೆದಿರೋ, ನೆಲದೊಳಗೆ ಇದ್ದ ತೇವ, ಇದ್ದ ಬಿಸಿಯಲ್ಲೇ ಅಳೆದಿರೋ?"

ಇಷ್ಟೇ. ಬೇರೆ ಏನು ಹೇಳಿದರೂ ಇದನ್ನೇ ಮತ್ತೆ ಕೇಳಿ.

ಅಪ್ಪನ ಔಷಧಿ ಫ್ರಿಜ್‌ನಲ್ಲಿ ಇಡಬೇಕು, ಹೊರಗೆ ಇಡಬೇಡ.

ರಕ್ಷಾ

*

ಕೋಟೇಶ್ವರಮ್ಮ ಇಷ್ಟಕ್ಕೆ ನಿಲ್ಲಿಸಿದರು. ಎಲೆಯ ಮೇಲಿನ ಪುಳಿಹೊರ ಹಾಗೇ ಇತ್ತು. ಅಣ್ಣ ಈಶ್ವರಯ್ಯ ಕೈ ತೊಳೆಯದೆ ಕೂತಿದ್ದರು. ಒಬ್ಬ ಮುದುಕಿ ಮಾತ್ರ, "ಕಪ್ಪೆಯ ವಿಷಯ ಊಟ ಆದ ಮೇಲೆ ಹೇಳಬಾರದಿತ್ತೇನೇ ಕೋಟೇಶ್ವರೀ" ಎಂದು ಗೊಣಗಿದಳು. ಯಾರೂ ನಗಲಿಲ್ಲ. ಸಾಲಿನ ಕೊನೆಯಲ್ಲಿ ಗುರುದತ್ತರು ಎಲೆ ಮಡಿಸಿ ಎದ್ದರು. ಊಟ ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕೇಳಿದವರೆಲ್ಲ ಸಭೆಗೆ ಹೋದರು. ಶಾಮಿಯಾನ ಹಾಕಿತ್ತು, ಜನರೇಟರ್ ಗುಡುಗುಡು ಎನ್ನುತ್ತಿತ್ತು. ವೇದಿಕೆಯ ಮೇಲೆ ಕಂಪನಿಯವರು, ಅವರ ನಡುವೆ ಅಲ್ಲುಡುಗಾರು. ಒಪ್ಪಿಗೆಯ ಮಾತು ಬಂದಾಗ ಈಶ್ವರಯ್ಯ ಎದ್ದು ನಿಂತು ಆ ಪ್ರಶ್ನೆ ಕೇಳಿದರು.

ಕೋಟು ಹಾಕಿದವನು ನಕ್ಕ. "ಅದೆಲ್ಲ ಟೆಕ್ನಿಕಲ್ ವಿಷಯ ಬಾಬಾಯಿ. ನಿಮ್ಮ ಮನೆ ಹುಡುಗಿಯೇ ಹೇಳಿದ್ದಾಳಲ್ಲ" ಎಂದು ಫ್ಲೆಕ್ಸಿನ ಕಡೆ ಕೈ ತೋರಿಸಿದ.

ಈಶ್ವರಯ್ಯ ಅದನ್ನೇ ಮತ್ತೆ ಕೇಳಿದರು. ಪಕ್ಕದವರು ಎದ್ದು ಅದನ್ನೇ ಕೇಳಿದರು. ಹೆಂಗಸರ ಸಾಲಿನಿಂದ ಲಕ್ಷ್ಮೀಪ್ರಸನ್ನ ಎದ್ದು ಕೇಳಿದಳು. ಕೋಟಿನವನು ಗುರುದತ್ತರ ಕೈಗೆ ಮೈಕ್ ತುರುಕಿ, "ಸಾರ್, ನಿಮ್ಮವರಿಗೆ ನೀವೇ ಹೇಳಿ" ಅಂದ.

ಗುರುದತ್ತರು ಮೈಕನ್ನು ಮೇಜಿನ ಮೇಲಿಟ್ಟರು. ಜೇಬಿನಿಂದ ಫೋನ್ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ತಡವುತ್ತಾ ಒತ್ತಿದರು. ಒಂದು ಸಲ ರಿಂಗಾಗಿ ನಿಂತಿತು. ಮತ್ತೆ ಒತ್ತಿದರು. ಕೋಟೇಶ್ವರಮ್ಮ ಕೂತಲ್ಲೇ ಸೆರಗಿನ ತುದಿ ಹಿಡಿದುಕೊಂಡರು.

"ಪುಟ್ಟೀ, ನಾನು" ಎಂದು ಅವರು ಕನ್ನಡದಲ್ಲೇ ಹೇಳಿದ್ದು ಕೇಳಿಸಿತು. "ಸಭೇಲಿದೀನಿ. ಊರೆಲ್ಲ ಇದೆ. ಸ್ಪೀಕರಿಗೆ ಹಾಕಲಾ?"

ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದರು. ಆಮೇಲೆ ತಲೆಯಾಡಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಮೈಕಿನ ಮುಂದೆ ಇಟ್ಟು, ವೇದಿಕೆಯಿಂದ ಇಳಿದು, ಕೇಳುವವರ ಸಾಲಿನಲ್ಲಿ ಈಶ್ವರಯ್ಯನ ಪಕ್ಕ ಕೂತರು.

"ಹಾಕಿದ್ದಾರಾ?" ಎಂದಿತು ದನಿ, ತೆಲುಗಿನಲ್ಲಿ, ಸ್ವಲ್ಪವೂ ಮೆತ್ತಗಾಗದೆ. "ಸರಿ. ಈ ಸಲ ನಾನು ಮುಗಿಸುವವರೆಗೆ ಯಾರೂ ಕಟ್ ಮಾಡಬೇಡಿ."

ಯಾರೂ ಮಾಡಲಿಲ್ಲ. ನಾಲ್ಕು ಒಂದೂವರೆಯಾಗಿ, ಒಂದೂವರೆ ಒಂದೂ ಇಲ್ಲವಾಗಿ, ಹೊಂಡದವರೆಗೂ ಹೋಗಿ ಮಾತು ಮುಗಿದಾಗ ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಎಲ್ಲರೂ ಎದ್ದು ಸೀದಾ ಊರ ಬಾಗಿಲಿಗೆ ನಡೆದರು. ಈಶ್ವರಯ್ಯ ಏಣಿ ಹತ್ತಿ ಫ್ಲೆಕ್ಸಿನ ಹಗ್ಗ ಬಿಚ್ಚಿದರು, ಕೆಳಗೆ ಏಣಿ ಹಿಡಿದು ನಿಂತವರು ಗುರುದತ್ತರು. ಬಿಸಿಲು ಏರುವ ಹೊತ್ತಿಗೆ ಹೆಂಗಸರು ಅದನ್ನು ಮಾಳಿಗೆಯ ಮೇಲೆ ಮುಖ ಕೆಳಗಾಗಿ ಹಾಸಿ, ಮೆಣಸಿನಕಾಯಿ ಹರವಿದ್ದರು.